ದೊಡ್ಡ ಕಟ್ಟಡದ ವರ್ಷದ ಕರೆಂಟ್–ನೀರಿನ ಲೆಕ್ಕ: ಫಾರ್ಮ್ ವಾಪಸ್ ಬರದಂತೆ ಮಾಡುವುದು ಹೇಗೆ

ಕಲಬುರಗಿ, ಬೀದರ್, ಯಾದಗಿರಿಯ ಆಸ್ಪತ್ರೆ, ಲಾಡ್ಜ್, ಕಾಲೇಜು, ವಾಣಿಜ್ಯ ಸಂಕೀರ್ಣಗಳಿಂದ ಹೋದ ಕರೆಂಟ್–ನೀರಿನ ಲೆಕ್ಕ ತಿರಸ್ಕಾರವಾಗಿ ಬರುವುದಕ್ಕೆ ಕಾರಣಗಳು ಹೆಚ್ಚೂಕಡಿಮೆ ಅವವೇ. ಯೂನಿಟ್ ಬರೆಯುವ ಜಾಗದಲ್ಲಿ ರೂಪಾಯಿ. ಕಟ್ಟಡದ ವಿಸ್ತೀರ್ಣದ ಬದಲು ನಿವೇಶನದ ವಿಸ್ತೀರ್ಣ. ಹನ್ನೆರಡು ಬಿಲ್ ಇರಬೇಕಾದಲ್ಲಿ ಹತ್ತು. ನೀರಿನ ಕಾಲಂನಲ್ಲಿ ಬರೀ ನಳದ ನೀರು, ಬೋರ್ ಮತ್ತು ಟ್ಯಾಂಕರ್ ಸುದ್ದಿಯೇ ಇಲ್ಲ.

ತಪ್ಪು ಶುರುವಾಗುವುದು ಕ್ರಮದಲ್ಲಿ. ಮೊದಲು ಫಾರ್ಮ್ ತೆರೆದು, ಖಾಲಿ ಚೌಕಗಳಿಗೆ ಅಂಕಿ ಹುಡುಕಲು ಹೊರಡುತ್ತಾರೆ. ಆಗ ಕೈಗೆ ಸಿಕ್ಕ ಅಂಕಿಯೇ ಸರಿಯಾದ ಅಂಕಿ ಅನಿಸಿಬಿಡುತ್ತದೆ. ಮೊದಲು ಮೀಟರ್, ಆಮೇಲೆ ಗಡಿ, ಆಮೇಲೆ ಬಿಲ್, ಕೊನೆಗೆ ಫಾರ್ಮ್. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ.

ಕೈಯಲ್ಲಿ ಏನಿರಬೇಕು

ಕಳೆದ ಹದಿಮೂರು ತಿಂಗಳ ಜೆಸ್ಕಾಂ (ನಮ್ಮ ಭಾಗದ ವಿದ್ಯುತ್ ಕಂಪನಿ) ಬಿಲ್‌ಗಳು, ಮಂಜೂರಾದ ಕಟ್ಟಡ ನಕ್ಷೆ, ಜನರೇಟರ್ ಲಾಗ್‌ಬುಕ್, ಡೀಸೆಲ್ ರಸೀದಿಗಳು, ನೀರಿನ ಬಿಲ್‌ಗಳು, ಟ್ಯಾಂಕರ್ ಚೀಟಿಗಳು. ಜೊತೆಗೆ ಉದ್ದನೆಯ ಟೇಪು, ಟಾರ್ಚ್, ಫೋಟೊ ತೆಗೆಯಲು ಮೊಬೈಲ್, ಒಂದು ರಟ್ಟಿನ ನೋಟ್‌ಬುಕ್. ಎಕ್ಸೆಲ್ ಬೇಕು, ಆದರೆ ಮೊದಲ ದಿನವೇ ಬೇಡ. ಹದಿಮೂರನೇ ಬಿಲ್ ಯಾಕೆ ಎಂಬುದು 4ನೇ ಹಂತದಲ್ಲಿ ಗೊತ್ತಾಗುತ್ತದೆ.

1. ಕೇಳಿದವರು ಯಾರು, ಯಾವ ನಿಯಮದಡಿ?

ಇದನ್ನು ಬರಹದಲ್ಲಿ ಖಚಿತ ಮಾಡಿಕೊಳ್ಳದೆ ಮುಂದೆ ಹೋಗಬೇಡಿ. 2001ರ ಇಂಧನ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಯಿತು. ಕನಿಷ್ಠ 100 ಕಿಲೋವ್ಯಾಟ್ ಸಂಪರ್ಕಿತ ಲೋಡ್ (ಜೋಡಿಸಿದ ಎಲ್ಲ ಉಪಕರಣಗಳ ಒಟ್ಟು ಸಾಮರ್ಥ್ಯ) ಅಥವಾ 120 ಕೆವಿಎ ಕಾಂಟ್ರಾಕ್ಟ್ ಡಿಮ್ಯಾಂಡ್ (ವಿದ್ಯುತ್ ಕಂಪನಿಯೊಂದಿಗೆ ಒಪ್ಪಂದವಾದ ಗರಿಷ್ಠ ಬೇಡಿಕೆ) ಇರುವ ಕಟ್ಟಡಗಳು ಅದರ ವ್ಯಾಪ್ತಿಗೆ ಬರುತ್ತವೆ. ವಾಣಿಜ್ಯ ಕಟ್ಟಡಗಳ ಜೊತೆ ಕಚೇರಿ ಮತ್ತು ವಸತಿ ಕಟ್ಟಡಗಳೂ ಸೇರಿವೆ. ರಾಜ್ಯ ಈ ಮಿತಿಯನ್ನು ಇನ್ನೂ ಕೆಳಗಿಳಿಸಬಹುದು. ಕರ್ನಾಟಕದಲ್ಲಿ ಈ ಕಾಯ್ದೆಯ ಕೆಲಸ ನೋಡುವ ನಿಯೋಜಿತ ಸಂಸ್ಥೆ ಕ್ರೆಡಲ್, ಅಂದರೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ. ನಿಮ್ಮ ಕಟ್ಟಡ ಎಲ್ಲಿ ನಿಲ್ಲುತ್ತದೆ ಎಂಬುದು ಬಿಲ್‌ನಲ್ಲೇ ಅಚ್ಚಾಗಿರುತ್ತದೆ. ಎಚ್‌ಟಿ (ಹೈ ಟೆನ್ಷನ್) ಬಿಲ್‌ನಲ್ಲಿ ಕಾಂಟ್ರಾಕ್ಟ್ ಡಿಮ್ಯಾಂಡ್, ಎಲ್‌ಟಿ (ಲೋ ಟೆನ್ಷನ್) ಬಿಲ್‌ನಲ್ಲಿ ಮಂಜೂರಾದ ಲೋಡ್ ನೋಡಿ.

ಈ ಕಾಯ್ದೆಯಡಿ ಬರುವ ಕಟ್ಟಡ ಸಂಹಿತೆ ಮುಖ್ಯವಾಗಿ ಹೊಸ ಕಟ್ಟಡಗಳಿಗೆ ಮತ್ತು ದೊಡ್ಡ ವಿಸ್ತರಣೆಗಳಿಗೆ. ಬ್ಯೂರೊ ಆಫ್ ಎನರ್ಜಿ ಎಫಿಶಿಯೆನ್ಸಿ, ಅಂದರೆ ಬಿಇಇ ಕೊಡುವ ಸ್ಟಾರ್ ರೇಟಿಂಗ್, ಆಗಲೇ ಕಟ್ಟಿ ಬಳಕೆಯಲ್ಲಿರುವ ಕಟ್ಟಡಕ್ಕೆ. ಅದನ್ನು ನೀವಾಗಿ ಅರ್ಜಿ ಹಾಕಿ ಪಡೆಯಬೇಕು. ಕಾಲೇಜುಗಳು ನ್ಯಾಕ್ (ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮೌಲ್ಯಮಾಪನಕ್ಕಾಗಿ ಇಂಧನ ಮತ್ತು ಹಸಿರು ಆಡಿಟ್ ಮಾಡಿಸುತ್ತವೆ. ಮೂರಕ್ಕೂ ಬೇಕಾದ ಮೂಲ ಅಂಕಿಗಳು ಒಂದೇ, ನಮೂನೆ ಬೇರೆ.

ಇಲ್ಲಿ ಎರಡು ಅಡ್ಡದಾರಿಗಳಿವೆ. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಪರಿಚಯದವರಿಂದ ಫಾರ್ಮ್ ತಂದು ತುಂಬುವುದು ಒಂದು. ಆ ಕಾರ್ಖಾನೆಗಳು ಕಾಯ್ದೆಯಡಿ ಬೇರೆಯದೇ ಪಟ್ಟಿಯಲ್ಲಿವೆ, ಆ ನಮೂನೆ ಆಸ್ಪತ್ರೆಗೆ ಹೊಂದುವುದಿಲ್ಲ. ಇನ್ನೊಂದು, ಅಮೆರಿಕದ ಮಾರ್ಗದರ್ಶಿ ಡೌನ್‌ಲೋಡ್ ಮಾಡಿಕೊಳ್ಳುವುದು. ನ್ಯೂಯಾರ್ಕ್‌ನಲ್ಲಿ 25,000 ಚದರ ಅಡಿ ಮೀರಿದ ಕಟ್ಟಡಗಳು ಪ್ರತಿ ವರ್ಷ ಮೇ 1ರೊಳಗೆ ಪೋರ್ಟ್‌ಫೋಲಿಯೊ ಮ್ಯಾನೇಜರ್ ಎಂಬ ತಂತ್ರಾಂಶದಲ್ಲಿ ಲೆಕ್ಕ ಕೊಡಬೇಕು. ಅದು ಅಲ್ಲಿಯ ನಿಯಮ, ನಮಗೆ ಆ ಗಡುವು ಇಲ್ಲ. ಆ ತಂತ್ರಾಂಶ ಕೊಡುವ 1ರಿಂದ 100ರ ಅಂಕ ಅಮೆರಿಕದ ಕಟ್ಟಡಗಳ ಸಮೀಕ್ಷೆಯ ಮೇಲೆ ನಿಂತಿದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಬಡಾವಣೆಯ ಒಂದು ಲಾಡ್ಜ್‌ಗೆ ಅದರಲ್ಲಿ 85 ಬಂತು ಅಂತ ವರದಿಯಲ್ಲಿ ಹಾಕಿದರೆ ಪರಿಶೀಲಕರು ಮೊದಲು ಹೊಡೆದುಹಾಕುವ ಸಾಲು ಅದೇ.

2. ಮೀಟರ್‌ಗಳನ್ನು ಕಣ್ಣಾರೆ ನೋಡಿ ಬನ್ನಿ

ಎಲೆಕ್ಟ್ರಿಷಿಯನ್ನನ್ನೂ ವಾಚ್‌ಮನ್ನನ್ನೂ ಜೊತೆಗೆ ಕರೆದುಕೊಂಡು ಇಡೀ ಆವರಣ ಸುತ್ತಿ. ಪ್ರತಿ ಕರೆಂಟ್ ಮೀಟರ್‌ನ ಆರ್‌ಆರ್ ನಂಬರ್ (ಬಿಲ್ ಮೇಲೆ ಇರುವ ಸಂಪರ್ಕದ ಸಂಖ್ಯೆ), ಮೀಟರ್‌ನ ಸೀರಿಯಲ್ ನಂಬರ್, ಅದರಿಂದ ಎಲ್ಲಿಗೆ ಲೈನ್ ಹೋಗಿದೆ ಎಂಬುದನ್ನು ಬರೆದುಕೊಳ್ಳಿ. ಹಳೆ ಕಟ್ಟಡಗಳಲ್ಲಿ ಒಂದು ಎಚ್‌ಟಿ ಸಂಪರ್ಕದ ಜೊತೆಗೆ ಹಿಂದಿನಿಂದ ಉಳಿದ ಎರಡು ಮೂರು ಎಲ್‌ಟಿ ಮೀಟರ್‌ಗಳು ಇದ್ದೇ ಇರುತ್ತವೆ: ಕ್ಯಾಂಟೀನಿಗೆ ಒಂದು, ಬೋರ್‌ಗೆ ಒಂದು, ಹಿಂದಿನ ಕ್ವಾರ್ಟರ್ಸ್‌ಗೆ ಒಂದು. ಅವುಗಳ ಬಿಲ್ ಬೇರೆ ಯಾರದೋ ಹೆಸರಿಗೆ, ಬೇರೆ ಯಾವುದೋ ಮೇಜಿಗೆ ಹೋಗುತ್ತಿರುತ್ತದೆ.

ನೀರಿಗೂ ಹೀಗೆಯೇ. ನಳದ ಸಂಪರ್ಕ ಎಲ್ಲಿ ಒಳಗೆ ಬರುತ್ತದೆ, ಬೋರ್‌ಗಳು ಎಷ್ಟು, ಟ್ಯಾಂಕರ್ ಪೈಪ್ ಯಾವ ಸಂಪಿಗೆ ಇಳಿಯುತ್ತದೆ, ಸಂಪಿನಿಂದ ಮೇಲಿನ ಟಾಕಿಗೆ ಯಾವ ಮೋಟಾರ್ ಏರಿಸುತ್ತದೆ ಎಂಬುದರ ಒಂದು ಕೈನಕ್ಷೆ ಬರೆಯಿರಿ. ಈ ನಕ್ಷೆ ಅಂದವಾಗಿರಬೇಕಿಲ್ಲ, ಯಾವ ಬಾಣವೂ ಬಿಟ್ಟುಹೋಗಿರಬಾರದು ಅಷ್ಟೇ.

ವಾಚ್‌ಮನ್‌ಗೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಮೋಟಾರ್ ಎಷ್ಟು ಹೊತ್ತು ನಡೀತದ? “ಟಾಕಿ ತುಂಬೂ ತನಕ ರೀ ಸಾಹೇಬ್ರ, ನೀರು ಕೆಳಗ ಬಿದ್ದ ಸಪ್ಪಳ ಕೇಳಿದ್ರ ಬಂದ್ ಮಾಡ್ತೀನಿ” ಅಂತ ಉತ್ತರ ಬಂದರೆ ನಿಮ್ಮ ನೀರಿನ ಲೆಕ್ಕದ ಅರ್ಧ ರಹಸ್ಯ ಅಲ್ಲೇ ಬಿಚ್ಚಿಕೊಂಡಿತು.

3. ಗಡಿ ಹಾಕಿ, ವಿಸ್ತೀರ್ಣ ಅಳೆಯಿರಿ

ಯಾವುದು ಕಟ್ಟಡದ ಒಳಗೆ, ಯಾವುದು ಹೊರಗೆ ಎಂದು ತೀರ್ಮಾನಿಸಿ. ಮೀಟರ್‌ಗೂ ವಿಸ್ತೀರ್ಣಕ್ಕೂ ಒಂದೇ ಗಡಿ ಇರಬೇಕು. ಹಾಸ್ಟೆಲ್‌ನ ಕರೆಂಟ್ ಸೇರಿಸಿ ವಿಸ್ತೀರ್ಣ ಮಾತ್ರ ಮುಖ್ಯ ಕಟ್ಟಡದ್ದು ಹಿಡಿದರೆ ಅಂಕಿ ಆಕಾಶಕ್ಕೇರುತ್ತದೆ. ತಿರುಗಿ ಮಾಡಿದರೆ ಅನುಮಾನ ಬರುವಷ್ಟು ಒಳ್ಳೆಯದಾಗಿ ಕಾಣುತ್ತದೆ.

ನಿರ್ಮಿತ ವಿಸ್ತೀರ್ಣವನ್ನು ಮಹಡಿವಾರು ಬರೆಯಿರಿ. ನೆಲಮಾಳಿಗೆಯ ಪಾರ್ಕಿಂಗ್ ಬೇರೆ ಸಾಲಿನಲ್ಲಿರಲಿ, ಬಿಇಇ ಸೂಚ್ಯಂಕ (ಚದರ ಮೀಟರ್‌ಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಅಂಕಿ) ಅದನ್ನು ಬಿಟ್ಟು ಲೆಕ್ಕ ಹಾಕುತ್ತದೆ. ತೆರಿಗೆ ರಸೀದಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ನಿವೇಶನದ ಅಳತೆ, ಅದನ್ನು ಎತ್ತಿಕೊಳ್ಳಬೇಡಿ. ನಕ್ಷೆ ಮಂಜೂರಾದ ಮೇಲೆ ಎಬ್ಬಿಸಿದ ಮಹಡಿ ಇದ್ದರೆ ಟೇಪು ಹಿಡಿದು ಅಳೆಯಿರಿ. ಚದರ ಅಡಿಯನ್ನು 10.764ರಿಂದ ಭಾಗಿಸಿದರೆ ಚದರ ಮೀಟರ್.

4. ಹನ್ನೆರಡು ತಿಂಗಳ ಕರೆಂಟ್

ಪ್ರತಿ ಆರ್‌ಆರ್ ನಂಬರಿಗೆ ಒಂದೊಂದು ಹಾಳೆ. ಪ್ರತಿ ತಿಂಗಳಿಗೆ ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ರೀಡಿಂಗ್ ತೆಗೆದ ದಿನಾಂಕ, ಯೂನಿಟ್, ಗರಿಷ್ಠ ಡಿಮ್ಯಾಂಡ್ (ಆ ತಿಂಗಳಲ್ಲಿ ಒಮ್ಮೆಗೆ ಎಳೆದ ಅತಿ ಹೆಚ್ಚು ಲೋಡ್), ಪವರ್ ಫ್ಯಾಕ್ಟರ್. ರೂಪಾಯಿಗೆ ಕಾಲಂ ಬೇಡ. ದರ ಬದಲಾಗುತ್ತದೆ, ಬಾಕಿ ಸೇರುತ್ತದೆ, ದಂಡ ಸೇರುತ್ತದೆ, ಹಣದಿಂದ ಯೂನಿಟ್‌ಗೆ ಹಿಂದಿರುಗುವ ದಾರಿಯೇ ಇಲ್ಲ.

ಹೆಚ್ಚು ಜನ ಜಾರುವ ಜಾಗ ಮೀಟರ್‌ನ ಗುಣಕ. ದೊಡ್ಡ ಸಂಪರ್ಕಗಳಲ್ಲಿ ಮೀಟರ್ ಸಿಟಿ (ಕರೆಂಟನ್ನು ನಿಗದಿತ ಅನುಪಾತದಲ್ಲಿ ಇಳಿಸಿ ಮೀಟರ್‌ಗೆ ಕೊಡುವ ಟ್ರಾನ್ಸ್‌ಫಾರ್ಮರ್) ಮೂಲಕ ಓದುತ್ತದೆ, ಪೂರ್ತಿ ಕರೆಂಟ್ ಅದರೊಳಗೆ ಹರಿಯುವುದಿಲ್ಲ. 200/5 ಸಿಟಿ ಇದ್ದರೆ ಗುಣಕ 40. ರೀಡಿಂಗ್ ವ್ಯತ್ಯಾಸ 612 ಎಂದು ಬಂದರೆ ನಿಜವಾದ ಬಳಕೆ 24,480 ಯೂನಿಟ್. ಬಿಲ್‌ನಲ್ಲಿ ಗುಣಿಸಿದ ಅಂಕಿ ಇರುತ್ತದೆ. ನೀವೇ ಮೀಟರ್ ಓದಿ ಬರೆದ ತಿಂಗಳಲ್ಲಿ ಅದು ಬಿಟ್ಟುಹೋಗುತ್ತದೆ. ಎಚ್‌ಟಿಯಲ್ಲಿ ಪಿಟಿ (ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್) ಅನುಪಾತವೂ ಸೇರುವುದರಿಂದ ಗುಣಕವನ್ನು ಊಹಿಸದೆ ಬಿಲ್‌ನಿಂದಲೇ ತೆಗೆದುಕೊಳ್ಳಿ.

ರೀಡಿಂಗ್ ದಿನಾಂಕ ಪ್ರತಿ ತಿಂಗಳೂ ಒಂದೇ ಇರುವುದಿಲ್ಲ. ಹನ್ನೆರಡು ಬಿಲ್‌ಗಳ ದಿನ ಕೂಡಿಸಿದಾಗ 352 ಅಥವಾ 374 ಬರಬಹುದು. ಅದಕ್ಕೇ ಹದಿಮೂರನೇ ಬಿಲ್ ಬೇಕಾಗುತ್ತದೆ: ತುದಿಯ ಬಿಲ್‌ನ ಯೂನಿಟ್‌ಗಳನ್ನು ಅದರ ದಿನಗಳಿಂದ ಭಾಗಿಸಿ, ಬೇಕಾದಷ್ಟು ದಿನದ್ದನ್ನು ಮಾತ್ರ ಸೇರಿಸಿ ಅಥವಾ ಕಳೆದು 365ಕ್ಕೆ ತನ್ನಿ.

ಬಾಗಿಲು ಹಾಕಿತ್ತು ಎಂದೋ ಮೀಟರ್ ಕೆಟ್ಟಿತ್ತು ಎಂದೋ ಸರಾಸರಿ ಬಿಲ್ ಬಂದ ತಿಂಗಳುಗಳಿಗೆ ಕೆಂಪು ಗುರುತು ಹಾಕಿ. ಮುಂದಿನ ನಿಜವಾದ ರೀಡಿಂಗ್ ಬಂದಾಗ ಅದೇ ಸರಿಹೋಗಿರುತ್ತದೆ, ಆದರೆ ಎರಡೂ ನಿಮ್ಮ ವರ್ಷದೊಳಗೇ ಇರಬೇಕು. ವರ್ಷದ ಕೊನೇ ಬಿಲ್ಲೇ ಸರಾಸರಿಯದಾಗಿದ್ದರೆ ವರ್ಷವನ್ನೇ ಒಂದು ತಿಂಗಳು ಸರಿಸಿ. ಕೇಳಿದವರು ಏಪ್ರಿಲ್–ಮಾರ್ಚ್ ಎಂದೇ ಹಟ ಹಿಡಿದರೆ ಅಲ್ಲಿ ಟಿಪ್ಪಣಿ ಬರೆಯಿರಿ.

5. ಜನರೇಟರ್, ಸೋಲಾರ್, ಅಡುಗೆ ಗ್ಯಾಸ್

ಜನರೇಟರ್‌ಗೆ ಯೂನಿಟ್ ಮೀಟರ್ ಇದ್ದರೆ ಅದೇ ಸಾಕು. ಇಲ್ಲದಿದ್ದರೆ ವರ್ಷದ ಮೊದಲ ದಿನ ಮತ್ತು ಕೊನೆಯ ದಿನದ ಡೀಸೆಲ್ ದಾಸ್ತಾನು, ನಡುವೆ ಕೊಂಡದ್ದು, ಇವುಗಳಿಂದ ಸುಟ್ಟ ಲೀಟರ್ ಕಂಡುಹಿಡಿಯಿರಿ. ಚೆನ್ನಾಗಿ ಲೋಡ್ ಆದ ಸೆಟ್ ಲೀಟರ್‌ಗೆ ಸುಮಾರು 3ರಿಂದ 3.5 ಯೂನಿಟ್ ಕೊಡುತ್ತದೆ. ಕಡಿಮೆ ಲೋಡ್‌ನಲ್ಲಿ ಓಡುವ ಸೆಟ್ ಇದಕ್ಕಿಂತ ಕಡಿಮೆ. ಅಂದಾಜು ಎಂದು ಸ್ಪಷ್ಟವಾಗಿ ಬರೆದರೆ ಯಾರೂ ತಕರಾರು ಮಾಡುವುದಿಲ್ಲ. ಅಂದಾಜನ್ನು ಅಳತೆ ಎಂದು ತೋರಿಸಿದರೆ ಉಳಿದ ಅಂಕಿಗಳ ಮೇಲೂ ಅನುಮಾನ ಬರುತ್ತದೆ.

ಸೋಲಾರ್ ಇರುವವರು ಬಿಲ್‌ನ ನಿವ್ವಳ ಯೂನಿಟ್ ಬರೆದು ಕೈತೊಳೆದುಕೊಳ್ಳುತ್ತಾರೆ. ಅದು ಬಳಕೆಯಲ್ಲ. ಇಂಪೋರ್ಟ್, ಎಕ್ಸ್‌ಪೋರ್ಟ್, ಸೋಲಾರ್ ಉತ್ಪಾದನೆ ಮೂರನ್ನೂ ಬೇರೆಬೇರೆ ಬರೆಯಿರಿ. ಉತ್ಪಾದನೆ 52,000, ಎಕ್ಸ್‌ಪೋರ್ಟ್ 12,000 ಆದರೆ ಕಟ್ಟಡ ತಾನೇ ಉಂಡ ಸೋಲಾರ್ 40,000 ಯೂನಿಟ್. ಒಟ್ಟು ಬಳಕೆಗೆ ಇದನ್ನು ಸೇರಿಸಬೇಕು. ಬಿಇಇ ಸೂಚ್ಯಂಕಕ್ಕೆ ಸ್ಥಳದಲ್ಲೇ ತಯಾರಾದ ಸೋಲಾರ್ ಸೇರುವುದಿಲ್ಲ, ಜನರೇಟರ್ ಯೂನಿಟ್ ಸೇರುತ್ತದೆ.

ಕ್ಯಾಂಟೀನಿನ 19 ಕೆಜಿ ಸಿಲಿಂಡರ್‌ಗಳನ್ನು ಕೆಜಿಯಲ್ಲೇ ಬರೆದಿಡಿ. ಗ್ಯಾಸಿನ ಶಾಖವನ್ನು ಕರೆಂಟ್ ಯೂನಿಟ್‌ಗೆ ಪರಿವರ್ತಿಸಿ ಕೂಡಿಸುವುದು ನಮೂನೆ ಕೇಳಿದರೆ ಮಾತ್ರ.

6. ನೀರು: ಇಲ್ಲಿ ಆತುರ ಬೇಡ

ಕರೆಂಟಿಗೆ ಬಿಲ್ ಇದೆ. ನೀರಿಗೆ ನಮ್ಮ ಕಡೆ ಅರ್ಧ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಮೂರು ಮೂಲಗಳನ್ನೂ ಕಿಲೋಲೀಟರ್‌ನಲ್ಲಿ, ಅಂದರೆ ಸಾವಿರ ಲೀಟರ್ ಲೆಕ್ಕದಲ್ಲಿ, ಬೇರೆಬೇರೆ ಕಾಲಂನಲ್ಲಿ ಬರೆಯಿರಿ.

ನಳದ ನೀರು. ಕಲಬುರಗಿಗೆ ಭೀಮಾ ಮತ್ತು ಬೆಣ್ಣೆತೊರೆಯಿಂದ ನೀರು ಬರುತ್ತದೆ. 24x7 ಪೂರೈಕೆ ಇರುವ ವಾರ್ಡ್‌ಗಳಲ್ಲಿ ಮೀಟರ್ ರೀಡಿಂಗ್ ನಂಬಬಹುದು. ದಿನ ಬಿಟ್ಟು ದಿನ, ವಾರಕ್ಕೊಮ್ಮೆ ನೀರು ಬಿಡುವ ಕಡೆ ಪೈಪಿನಲ್ಲಿ ಮೊದಲು ಗಾಳಿ ನುಗ್ಗುತ್ತದೆ. ನೀರು ಬರುವ ಮುನ್ನವೇ ಮೀಟರ್ ಮುಳ್ಳು ಗಿರಗಿರ ತಿರುಗುವುದನ್ನು ನೋಡಬಹುದು. ಅಂಥಲ್ಲಿ ಒಂದು ಸಲ ನಳ ಬಂದಾಗ ಸಂಪಿನ ಮಟ್ಟ ಎಷ್ಟು ಏರಿತು ಎಂದು ಅಳೆದು, ಮೀಟರ್ ಅಂಕಿಯ ಜೊತೆ ತಾಳೆ ನೋಡಿ. ಮೀಟರೇ ಇಲ್ಲದೆ ನಿಗದಿತ ದರ ಕಟ್ಟುವವರಿಗಂತೂ ಸಂಪೇ ಮೀಟರ್.

ಸಂಪಿನ ಅಳತೆ ಹೀಗೆ: ಒಳಗಿನ ಉದ್ದ, ಅಗಲ ಮೀಟರ್‌ನಲ್ಲಿ ತೆಗೆದುಕೊಳ್ಳಿ. 4 ಮೀಟರ್ ಉದ್ದ, 3 ಮೀಟರ್ ಅಗಲದ ಸಂಪಿನಲ್ಲಿ ಮಟ್ಟ 10 ಸೆಂಟಿಮೀಟರ್ ಏರಿದರೆ 1,200 ಲೀಟರ್ ಬಂತು. ಗೋಡೆಗೆ ಸೆಂಟಿಮೀಟರ್ ಪಟ್ಟಿ ಬಣ್ಣದಲ್ಲಿ ಬರೆಸಿಬಿಡಿ. ಅಳೆಯುವಾಗ ಮೇಲೇರಿಸುವ ಮೋಟಾರ್ ಬಂದ್ ಇರಬೇಕು. ಸಂಪಿನೊಳಗೆ ಯಾರನ್ನೂ ಒಬ್ಬರನ್ನೇ ಇಳಿಸಬೇಡಿ. ಮುಚ್ಚಿದ ಸಂಪಿನಲ್ಲಿ ಉಸಿರುಗಟ್ಟಿ ಜೀವ ಹೋಗುತ್ತದೆ. ಮೇಲಿನಿಂದ ಕೋಲು ಇಳಿಸಿ ಅಳೆದರೆ ಸಾಕು.

ಬೋರ್ ನೀರು. ಮೀಟರ್ ಕೂಡಿಸುವುದೇ ಸರಿಯಾದ ದಾರಿ. ನಮ್ಮ ಗಡಸು ನೀರಿಗೆ, ಜೊತೆಗೆ ಬರುವ ಮರಳಿಗೆ, ರೆಕ್ಕೆ ತಿರುಗುವ ಅಗ್ಗದ ಮೀಟರ್ ಬೇಗ ಜಾಮ್ ಆಗುತ್ತದೆ. ಕಾಸಿದ್ದರೆ ಎಲೆಕ್ಟ್ರೋಮ್ಯಾಗ್ನೆಟಿಕ್ ಮೀಟರ್ ತನ್ನಿ, ಇಲ್ಲದಿದ್ದರೆ ಮೀಟರ್ ಮುಂದೆ ಜಾಲರಿ ಹಾಕಿಸಿ ತಿಂಗಳಿಗೊಮ್ಮೆ ತೊಳೆಸಿ. ಕಳೆದ ವರ್ಷಕ್ಕೆ ಮೀಟರ್ ಇರಲಿಲ್ಲ ಎಂದಾದರೆ ಮೋಟಾರ್ ಓಡಿದ ಗಂಟೆಯಿಂದ ಲೆಕ್ಕ ತೆಗೆಯಬಹುದು: ಅರ್ಧ ಗಂಟೆ ಮೋಟಾರ್ ಓಡಿಸಿ, ಸಂಪಿನ ಏರಿಕೆ ಅಳೆದು, ಗಂಟೆಗೆ ಇಷ್ಟು ಎಂದು ಬರೆದುಕೊಳ್ಳಿ. ಈ ಪರೀಕ್ಷೆಯನ್ನು ಜನವರಿಯಲ್ಲಿ ಮಾಡಿ ಇಡೀ ವರ್ಷಕ್ಕೆ ಹಚ್ಚಿದರೆ ತಪ್ಪು. ಏಪ್ರಿಲ್, ಮೇ ಬಂತೆಂದರೆ ಅದೇ ಮೋಟಾರ್ ಅದೇ ಹೊತ್ತಿನಲ್ಲಿ ಕಡಿಮೆ ನೀರು ಎತ್ತುತ್ತದೆ. ಮಳೆಗಾಲ, ಚಳಿಗಾಲ, ಬೇಸಿಗೆಗೆ ಒಂದೊಂದು ಪರೀಕ್ಷೆ ಇರಲಿ.

ಟ್ಯಾಂಕರ್. ಚೀಟಿಯ ಮೇಲೆ ಬರೆದ ಲೀಟರ್‌ಗೂ ಸಂಪಿಗೆ ಇಳಿದ ಲೀಟರ್‌ಗೂ ಒಂದು ಸಲವಾದರೂ ತಾಳೆ ಹಾಕಿ. ಚೀಟಿ ಸಿಗದ ತಿಂಗಳಿಗೆ ಅಕೌಂಟ್ಸ್‌ನಲ್ಲಿ ಪಾವತಿ ಇರುತ್ತದೆ. ಹಣದಿಂದ ಸಂಖ್ಯೆ ತೆಗೆಯುವುದು ಇಲ್ಲೊಂದೇ ಕಡೆ ಒಪ್ಪುವಂಥದ್ದು, ಏಕೆಂದರೆ ಒಂದು ಟ್ರಿಪ್‌ಗೆ ಒಂದು ದರ. ಬೇಸಿಗೆಯಲ್ಲಿ ದರ ಏರುತ್ತದೆ, ಆಯಾ ತಿಂಗಳ ದರವನ್ನೇ ಹಿಡಿಯಿರಿ.

ಎರಡು ಸಲ ಎಣಿಸುವ ತಪ್ಪು ಇಲ್ಲಿ ತೀರಾ ಸಾಮಾನ್ಯ. ಬೋರ್ ನೀರು ಸಂಪಿಗೆ ಬಿದ್ದು, ಸಂಪಿನಿಂದ ಟಾಕಿಗೆ ಏರುವಾಗ ಅಲ್ಲೂ ಮೀಟರ್ ಇದ್ದರೆ ಎರಡನ್ನೂ ಕೂಡಿಸುತ್ತಾರೆ. ಒಳಗೆ ಬಂದ ನೀರನ್ನು ಮಾತ್ರ ಎಣಿಸಿ. ಒಳಗೊಳಗೇ ಓಡಾಡಿದ್ದನ್ನು ಬಿಡಿ. ಶುದ್ಧೀಕರಿಸಿ ತೋಟಕ್ಕೆ ಬಿಟ್ಟ ನೀರೂ ಹೊಸ ನೀರಲ್ಲ, ಅದಕ್ಕೆ ಬೇರೆ ಸಾಲು.

ಸೋರಿಕೆಗೆ ಒಂದು ರಾತ್ರಿಯ ಪರೀಕ್ಷೆ ಮಾಡಿ. ರಾತ್ರಿ 11ಕ್ಕೆ ಟಾಕಿಯ ಮಟ್ಟ ಅಳೆಯಿರಿ, ಮೋಟಾರ್ ಬಂದ್ ಇರಲಿ, ಬೆಳಗ್ಗೆ 5ಕ್ಕೆ ಮತ್ತೆ ಅಳೆಯಿರಿ. ಖಾಲಿ ಇರುವ ಕಚೇರಿ ಕಟ್ಟಡದಲ್ಲಿ ಮಟ್ಟ ಇಳಿದಿದ್ದರೆ ಎಲ್ಲೋ ಫ್ಲಶ್ ವಾಲ್ವ್ ಹರಿಯುತ್ತಿದೆ. ಹಗಲಲ್ಲೂ ಗುರುತು ಸಿಗುತ್ತದೆ. ಟಾಕಿಯ ಕೆಳಗಿನ ಗೋಡೆಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಬಿಳಿ ಉಪ್ಪಿನ ಪಟ್ಟೆ, ಅದರ ಬುಡದ ಫರಸಿ ಕಲ್ಲಿನ ಮೇಲೆ ಕೆರೆದರೂ ಹೋಗದ ಬಿಳಿ ಪದರ ಕಂಡರೆ ಟಾಕಿ ದಿನಾ ತುಂಬಿ ಚೆಲ್ಲುತ್ತಿದೆ ಎಂದೇ ಅರ್ಥ. ಮೋಟಾರ್‌ಗೆ ಮಟ್ಟ ನೋಡಿ ಬಂದ್ ಆಗುವ ಸ್ವಿಚ್ ಹಾಕಿಸುವ ಖರ್ಚು ಟ್ಯಾಂಕರ್ ಖರ್ಚಿನ ಮುಂದೆ ಏನೂ ಅಲ್ಲ.

ಆರ್‌ಒ ಘಟಕ ಇದ್ದರೆ ಅದರ ತ್ಯಾಜ್ಯ ನೀರಿನ ಪೈಪಿಗೆ ಬಕೆಟ್ ಹಿಡಿದು ನೋಡಿ. ಗಡಸು ಬೋರ್ ನೀರಿನಲ್ಲಿ ಕುಡಿಯಲು ಸಿಕ್ಕಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಮೋರಿಗೆ ಹೋಗುತ್ತಿರುತ್ತದೆ.

7. ಜನ, ಹಾಸಿಗೆ, ಕೆಲಸದ ಗಂಟೆ

ಮಂಜೂರಾದ ಹಾಸಿಗೆ ಸಂಖ್ಯೆ ಬೇಡ, ವರ್ಷದ ಸರಾಸರಿ ಭರ್ತಿ ಬೇಕು. ಲಾಡ್ಜ್‌ಗೆ ರಿಜಿಸ್ಟರ್‌ನಿಂದ ಕೋಣೆ–ರಾತ್ರಿಗಳ ಲೆಕ್ಕ, ಕಾಲೇಜಿಗೆ ಹಾಜರಾತಿ ಮತ್ತು ರಜೆ ತಿಂಗಳುಗಳು. ಆಸ್ಪತ್ರೆಯಲ್ಲಿ ರೋಗಿಯ ಜೊತೆ ಬರುವ ಮಂದಿಯನ್ನು ಮರೆಯಬೇಡಿ. ಒಬ್ಬ ರೋಗಿಗೆ ಇಬ್ಬರು ಮೂವರು ಇದ್ದು, ಅಲ್ಲೇ ಸ್ನಾನ, ಅಲ್ಲೇ ಬಟ್ಟೆ. ಇದು ಟಿಪ್ಪಣಿಯಲ್ಲಿ ಬಂದರೆ ನೀರಿನ ಅಂಕಿ ಏಕೆ ಜಾಸ್ತಿ ಎಂಬ ಪ್ರಶ್ನೆಗೆ ಅರ್ಧ ಉತ್ತರ ಆಗಲೇ ಕೊಟ್ಟಂತೆ.

ಸರ್ಕಾರಿ ಕಚೇರಿಗಳಿಗೆ ನಮ್ಮ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರ ವೇಳೆ ಜಾರಿಯಾಗುತ್ತದೆ. ಗಂಟೆ ಬರೆಯುವಾಗ ಆ ಎರಡು ತಿಂಗಳು ಬೇರೆ ಇರಲಿ. ಇಲ್ಲದಿದ್ದರೆ ಬಿರುಬಿಸಿಲಿನ ತಿಂಗಳಲ್ಲಿ ಕಚೇರಿ ಕರೆಂಟ್ ಕಡಿಮೆ ಆದದ್ದು ಹೇಗೆ ಎಂದು ಬೆಂಗಳೂರಿನಿಂದ ಪ್ರಶ್ನೆ ಬರುತ್ತದೆ.

8. ಭಾಗಾಕಾರ

ಇಲ್ಲಿಗೆ ಬರುವಷ್ಟರಲ್ಲಿ ಕೆಲಸ ಸುಲಭ. ಕಲ್ಪಿತ ಉದಾಹರಣೆ: 100 ಹಾಸಿಗೆಯ ಆಸ್ಪತ್ರೆ, ಪಾರ್ಕಿಂಗ್ ಬಿಟ್ಟು 60,000 ಚದರ ಅಡಿ, ಅಂದರೆ 5,574 ಚದರ ಮೀಟರ್. ಜೆಸ್ಕಾಂ 6,20,000 ಯೂನಿಟ್, ಜನರೇಟರ್ 18,000, ಸ್ವಂತ ಬಳಕೆಯ ಸೋಲಾರ್ 40,000. ಬಿಇಇ ರೀತಿಯ ಸೂಚ್ಯಂಕ 6,38,000 ಭಾಗ 5,574, ಅಂದರೆ ಚದರ ಮೀಟರ್‌ಗೆ ವರ್ಷಕ್ಕೆ ಸುಮಾರು 114 ಯೂನಿಟ್. ಸೋಲಾರ್ ಸೇರಿಸಿದರೆ 122ರ ಹತ್ತಿರ. ಎರಡನ್ನೂ ಹೆಸರು ಹೇಳಿ ಬರೆಯಿರಿ.

ನೀರಿಗೆ ರಾಷ್ಟ್ರೀಯ ಮಾನಕಗಳು ಕೊಡುವ ದಿನದ ಅಗತ್ಯ ಹೀಗಿದೆ: ಕಚೇರಿ ಮತ್ತು ಹಗಲು ಶಾಲೆಗೆ ತಲೆಗೆ 45 ಲೀಟರ್, ಹಾಸ್ಟೆಲ್‌ಗೆ 135, ಲಾಡ್ಜ್‌ಗೆ ಹಾಸಿಗೆಗೆ 180, ನೂರು ಹಾಸಿಗೆವರೆಗಿನ ಆಸ್ಪತ್ರೆಗೆ ಹಾಸಿಗೆಗೆ 340, ಅದಕ್ಕಿಂತ ದೊಡ್ಡದಕ್ಕೆ 450. ಮೇಲಿನ ಆಸ್ಪತ್ರೆಯಲ್ಲಿ ಸರಾಸರಿ 80 ಹಾಸಿಗೆ ಭರ್ತಿ, ವರ್ಷಕ್ಕೆ 14,200 ಕಿಲೋಲೀಟರ್ ಬಳಕೆ ಎಂದರೆ ಹಾಸಿಗೆಗೆ ದಿನಕ್ಕೆ 486 ಲೀಟರ್. ಮಾನಕ ಮೀರಿದೆ, ಆದರೆ ಓಪಿಡಿ, ರೋಗಿಯ ಜೊತೆಗಿನವರು, ತೋಟ ಇವೆಲ್ಲ ಇದರೊಳಗಿವೆ. ಅವನ್ನು ಬಿಡಿಸಿ ನೋಡಿದ ಮೇಲೂ ಉಳಿಯುವುದು ಸೋರಿಕೆ.

ಕರೆಂಟ್ ಮತ್ತು ನೀರನ್ನು ಜೊತೆಗಿಟ್ಟು ನೋಡುವುದು ನಮ್ಮ ಊರಿಗೆ ವಿಶೇಷವಾಗಿ ಬೇಕು. ಒಣ ಬಿಸಿಲಿನಲ್ಲಿ ಏರ್ ಕೂಲರ್ ಚೆನ್ನಾಗಿ ತಂಪು ಕೊಡುತ್ತದೆ, ಎಸಿಗಿಂತ ಎಷ್ಟೋ ಕಡಿಮೆ ಕರೆಂಟ್ ತಿನ್ನುತ್ತದೆ, ಆದರೆ ನೀರು ಕುಡಿಯುತ್ತದೆ. ಕೂಲರ್ ಇಟ್ಟ ಲಾಡ್ಜ್ ಕರೆಂಟಿನಲ್ಲಿ ಗೆದ್ದು ನೀರಿನಲ್ಲಿ ಸೋತಂತೆ ಕಾಣುತ್ತದೆ. ಎರಡೂ ಒಂದೇ ಕಾರಣದಿಂದ ಎಂದು ಬರೆಯಿರಿ. ಎತ್ತರದ ಬೀದರ್‌ನ ಕಟ್ಟಡದೊಂದಿಗೆ ಕಲಬುರಗಿಯದನ್ನು ಹೋಲಿಸಿ ಹಿಗ್ಗುವುದೂ ಕುಗ್ಗುವುದೂ ಬೇಡ, ಅಲ್ಲಿಯ ಬೇಸಿಗೆಯೇ ಬೇರೆ.

9. ಕಳಿಸುವ ಮುನ್ನ ಈ ಅಪಾಯದ ಗುರುತು ನೋಡಿ

ಒಂದೇ ಯೂನಿಟ್ ಅಂಕಿ ಎರಡು ಮೂರು ತಿಂಗಳು ಸತತವಾಗಿ ಬಂದಿದೆ: ಸರಾಸರಿ ಬಿಲ್.

ಎಸಿ ಇರುವ ಕಟ್ಟಡದಲ್ಲಿ ಮೇ ತಿಂಗಳ ಬಳಕೆ ಜನವರಿಗಿಂತ ಕಡಿಮೆ: ಒಂದು ಆರ್‌ಆರ್ ನಂಬರ್ ಬಿಟ್ಟುಹೋಗಿದೆ ಅಥವಾ ಕಟ್ಟಡ ರಜೆಯಲ್ಲಿತ್ತು.

ತಿಂಗಳ ಯೂನಿಟ್, ಗರಿಷ್ಠ ಡಿಮ್ಯಾಂಡ್ ಒಂದಕ್ಕೊಂದು ಹೊಂದುತ್ತಿಲ್ಲ: ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ ಇದು. 150 ಕೆವಿಎ ಡಿಮ್ಯಾಂಡ್ ಮೂವತ್ತು ದಿನ ಹಗಲು ರಾತ್ರಿ ಒಂದು ಕ್ಷಣ ಬಿಡದೆ ನಡೆದರೂ 1,08,000 ಯೂನಿಟ್ ದಾಟಲು ಸಾಧ್ಯವಿಲ್ಲ. ನಿಮ್ಮ ಹಾಳೆಯಲ್ಲಿ 1,40,000 ಇದ್ದರೆ ಗುಣಕವನ್ನು ಎರಡು ಸಲ ಗುಣಿಸಿದ್ದೀರಿ ಅಥವಾ ಎರಡು ತಿಂಗಳು ಒಂದಾಗಿದೆ.

ನೀರು ಹನ್ನೆರಡೂ ತಿಂಗಳು ದುಂಡಗಿನ ಅಂಕಿ, 500, 500, 500: ಯಾರೋ ಕೂತಲ್ಲೇ ಬರೆದಿದ್ದಾರೆ. ಪರಿಶೀಲಕರಿಗೆ ಇದು ದೂರದಿಂದಲೇ ಕಾಣುತ್ತದೆ.

10. ಸಲ್ಲಿಕೆ ಮತ್ತು ಅದರ ನಂತರ

ಈಗ ಫಾರ್ಮ್ ತೆರೆಯಿರಿ. ಏಕಮಾನ ಗಮನಿಸಿ: ಯೂನಿಟ್ ಕೇಳಿದ್ದಾರೋ ಸಾವಿರ ಯೂನಿಟ್ ಕೇಳಿದ್ದಾರೋ, ಲೀಟರೋ ಕಿಲೋಲೀಟರೋ. ಪ್ರಮಾಣೀಕೃತ ಇಂಧನ ಆಡಿಟರ್ ಸಹಿ ಬೇಕೆಂದಿದ್ದರೆ ಅವರನ್ನು ಕೊನೇ ವಾರ ಕರೆಯಬೇಡಿ, ಅವರೂ ಮೀಟರ್ ನೋಡಬೇಕಾಗುತ್ತದೆ. ಪ್ರತಿ ಅಂಕಿಗೆ ಆಧಾರವಾದ ಬಿಲ್, ಫೋಟೊ, ಲಾಗ್‌ಬುಕ್ ಪುಟಗಳನ್ನು ತಿಂಗಳವಾರು ಒಂದೇ ಫೋಲ್ಡರ್‌ನಲ್ಲಿ ಇಡಿ. ಮೀಟರ್ ಫೋಟೊದಲ್ಲಿ ಸೀರಿಯಲ್ ನಂಬರ್ ಮತ್ತು ರೀಡಿಂಗ್ ಎರಡೂ ಕಾಣಬೇಕು.

ಸ್ಪಷ್ಟನೆ ಕೇಳಿ ಪತ್ರ ಬಂದರೆ ಅಂಕಿ ಬದಲಿಸಿ ಮರುಸಲ್ಲಿಸುವ ಆತುರ ಬೇಡ. ಯಾವ ತಿಂಗಳು, ಯಾವ ಮೀಟರ್ ಎಂದು ಮೊದಲು ಹುಡುಕಿ, ತಪ್ಪಿದ್ದರೆ ಹಳೆಯ ಅಂಕಿ, ಹೊಸ ಅಂಕಿ, ಕಾರಣ ಮೂರನ್ನೂ ಬರೆದು ಉತ್ತರಿಸಿ. ಮೀಟರ್ ಬದಲಾದರೆ ಹಳೆ ಮೀಟರ್‌ನ ಕೊನೇ ರೀಡಿಂಗ್ ಫೋಟೊ ಅದೇ ದಿನ ತೆಗೆದಿಡಿ, ಕಿತ್ತುಕೊಂಡು ಹೋದ ಮೇಲೆ ಅದು ಸಿಗುವುದಿಲ್ಲ. ಮುಂದಿನ ತಿಂಗಳ 1ನೇ ತಾರೀಖಿನಿಂದ ಬೋರ್, ಸಂಪು, ಜನರೇಟರ್ ರೀಡಿಂಗ್ ಬರೆಯಲು ಒಬ್ಬರನ್ನು ಹೆಸರು ಹೇಳಿ ನೇಮಿಸಿ. ಅವರು ರಜೆ ಹೋದಾಗ ಬರೆಯುವವರು ಯಾರು ಎಂಬುದನ್ನೂ ಅದೇ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆಯಿರಿ.